ಕಾಮಿಕ್ಸ್‌ನಲ್ಲಿ ಕಥನದ ಸಾಂದ್ರತೆ ಮತ್ತು ವಿಸ್ತರಣೆ

ಕಥನದ ಸಾಂದ್ರತೆ ಎಂದರೆ ಕಾಮಿಕ್ಸ್‌ನ ಒಂದು ಪುಟದಲ್ಲಿ ಅಡಕವಾಗಿರುವ ಘಟನೆ, ಸಂಭಾಷಣೆ ಹಾಗೂ ವಿವರಗಳ ಪ್ರಮಾಣ. ಇದಕ್ಕೆ ವಿರುದ್ಧವಾಗಿ, ಒಂದೇ ಘಟನೆಯನ್ನು ಅನೇಕ ಚೌಕಟ್ಟುಗಳಿಗೂ ಪುಟಗಳಿಗೂ ಹರಡಿ ನಿಧಾನವಾಗಿ ನಿರೂಪಿಸುವುದು ವಿಸ್ತೃತ ಕಥನ. ಅಮೆರಿಕದ ಕಾಮಿಕ್ಸ್ ವಲಯದಲ್ಲಿ ಇದನ್ನು 'ಡಿಕಂಪ್ರೆಷನ್' ಎಂದು ಕರೆಯುತ್ತಾರೆ.

ಒಂದೇ ಕಥೆ, ಎರಡು ಗತಿ

ಸ್ಪೈಡರ್‌ಮ್ಯಾನ್‌ನ ಮೂಲಕಥೆ ಈ ಅಂತರಕ್ಕೆ ಉತ್ತಮ ನಿದರ್ಶನ. 1962ರಲ್ಲಿ 'ಅಮೇಜಿಂಗ್ ಫ್ಯಾಂಟಸಿ'ಯ 15ನೆಯ ಸಂಚಿಕೆಯಲ್ಲಿ ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಅದನ್ನು ಕೇವಲ 11 ಪುಟಗಳಲ್ಲಿ ಮುಗಿಸಿದರು. ಜೇಡ ಕಚ್ಚುವುದು, ಪೀಟರ್‌ಗೆ ಶಕ್ತಿ ಬರುವುದು, ಆತ ಕಳ್ಳನೊಬ್ಬನನ್ನು ತಡೆಯದೆ ಬಿಡುವುದು, ಅದೇ ಕಳ್ಳನಿಂದ ಸಾಕುತಂದೆಯಂತಿದ್ದ ಅಂಕಲ್ ಬೆನ್ ಹತನಾಗುವುದು, ಎಲ್ಲವೂ ಅಷ್ಟರಲ್ಲೇ ನಡೆದುಹೋಗುತ್ತವೆ. 2000ದಲ್ಲಿ ಆರಂಭವಾದ 'ಅಲ್ಟಿಮೇಟ್ ಸ್ಪೈಡರ್‌ಮ್ಯಾನ್'ನಲ್ಲಿ ಬ್ರಯಾನ್ ಮೈಕೆಲ್ ಬೆಂಡಿಸ್ ಮತ್ತು ಮಾರ್ಕ್ ಬ್ಯಾಗ್ಲಿ ಈ ವಸ್ತುವನ್ನೇ, ಗ್ರೀನ್ ಗಾಬ್ಲಿನ್ ಪ್ರಸಂಗವನ್ನೂ ಸೇರಿಸಿ, ಏಳು ಸಂಚಿಕೆಗಳಿಗೆ ಹಿಗ್ಗಿಸಿದರು.

ಹಳೆಯ ಕಥೆಯಲ್ಲಿ ಬೆನ್ ಓದುಗನಿಗೆ ಹೆಚ್ಚು ಪರಿಚಯವಾಗುವ ಮೊದಲೇ ಸಾಯುತ್ತಾನೆ. ಹೊಸದರಲ್ಲಿ ಆತನ ಮಾತು, ಮನೆವಾರ್ತೆ, ಪೀಟರ್‌ನೊಡನೆ ನಡೆಯುವ ವಾಗ್ವಾದಗಳಿಗೆ ಅವಕಾಶ ದೊರೆತಿದೆ. ಆದ್ದರಿಂದ ಸಾವು ಆಪ್ತನೊಬ್ಬನ ಸಾವಾಗಿ ತಟ್ಟುತ್ತದೆ. ಆದರೆ ತಪ್ಪಿಗೂ ಅದರ ಫಲಕ್ಕೂ ನಡುವೆ ಕೆಲವೇ ಪುಟಗಳಿದ್ದುದರಿಂದ ಮೂಲದಲ್ಲಿ ಹುಟ್ಟಿದ್ದ ಆಘಾತ ಇಲ್ಲಿ ಸಡಿಲಗೊಂಡಿದೆ.

ಕಾರಣಗಳು

ವಿಸ್ತೃತ ಕಥನಕ್ಕೆ ಜಪಾನಿನ ಮಾಂಗಾ ಮುಖ್ಯ ಪ್ರೇರಣೆ. 1970ರಲ್ಲಿ ಆರಂಭವಾದ, ಕಜುವೊ ಕೊಯಿಕೆ ಮತ್ತು ಗೊಸೆಕಿ ಕೊಜಿಮಾ ಅವರ 'ಲೋನ್ ವುಲ್ಫ್ ಅಂಡ್ ಕಬ್' ಕೃತಿಯಲ್ಲಿ ಖಡ್ಗಯುದ್ಧಗಳು ಮಾತಿಲ್ಲದೆ ಪುಟಗಟ್ಟಲೆ ಸಾಗುತ್ತವೆ. ಇದರೊಡನೆ ಸಿನಿಮಾದ ಪ್ರಭಾವವೂ ಬೆರೆಯಿತು. ವಾರೆನ್ ಎಲ್ಲಿಸ್ ಮತ್ತು ಬ್ರಯಾನ್ ಹಿಚ್ ಅವರ 'ದಿ ಅಥಾರಿಟಿ'ಯ (1999) ಅಗಲವಾದ ಚೌಕಟ್ಟುಗಳು ವೆಳ್ಳಿತೆರೆಯನ್ನೇ ನೆನಪಿಸುತ್ತವೆ. ಬಿಡಿ ಸಂಚಿಕೆಗಳನ್ನು ಕೂಡಿಸಿ ಪುಸ್ತಕವಾಗಿ ಮಾರುವ ಪದ್ಧತಿ ಬೆಳೆದಂತೆ ದೀರ್ಘ ಕಥಾಸರಣಿಗಳಿಗೆ ವ್ಯಾಪಾರದ ಬೆಂಬಲವೂ ಸಿಕ್ಕಿತು.

ತೊಂದರೆಯಾದುದು ತಿಂಗಳಿಗೊಮ್ಮೆ ಸಂಚಿಕೆ ಕೊಳ್ಳುವವನಿಗೆ. ಇಪ್ಪತ್ತೆರಡು ಪುಟಗಳಲ್ಲಿ ಒಂದೇ ಸಂಭಾಷಣೆ ಮುಗಿದರೆ ಮುಂದಿನ ಹೆಜ್ಜೆಗೆ ಮತ್ತೆ ಹಣ ಕೊಟ್ಟು, ತಿಂಗಳು ಕಾಯಬೇಕು. ಪುಸ್ತಕರೂಪದಲ್ಲಿ ಓದುವವನಿಗೆ ಈ ನಿಧಾನ ಅಷ್ಟಾಗಿ ಬಾಧಿಸದು. ಈ ಕೊರತೆಗೆ ಉತ್ತರವೆಂಬಂತೆ ಎಲ್ಲಿಸ್ ಅವರೇ ಚಿತ್ರಕಾರ ಬೆನ್ ಟೆಂಪಲ್‌ಸ್ಮಿತ್ ಜೊತೆ 2005ರಲ್ಲಿ 'ಫೆಲ್' ಆರಂಭಿಸಿದರು: 1.99 ಡಾಲರ್ ಬೆಲೆ, ಪುಟಕ್ಕೆ ಸಾಮಾನ್ಯವಾಗಿ ಒಂಬತ್ತು ಚೌಕಟ್ಟು, 16 ಪುಟಗಳಲ್ಲಿ ಒಂದು ಪೂರ್ಣ ಕಥೆ.