ಬರಡೆಂದು ಎಮ್ಮೆ ಮಾರುವ ಮುಂಚೆ



ಎಮ್ಮೆ ಈದು ಆರೇಳು ತಿಂಗಳಾಯ್ತು, ಬೆದೆಗೆ ಬರಲಿಲ್ಲ. ಬಂದರೂ ಗಬ್ಬ ನಿಲ್ಲಲಿಲ್ಲ. 'ಇದು ಬರಡು ಬಿತ್ತು, ಸಂತೆಗೆ ಹೊಡೆದುಬಿಡೋಣ' ಎಂಬ ಮಾತು ಮನೆಯಲ್ಲಿ ಏಳುತ್ತದೆ. ಸ್ವಲ್ಪ ತಾಳಿ. ಹಗ್ಗ ಬಿಚ್ಚುವ ಮುಂಚೆ ಅದರ ಹೊಟ್ಟೆಯೊಳಗಿನ ಸಂಗತಿ ತಿಳಿದುಕೊಳ್ಳಿ.

ಎಮ್ಮೆಗೆ ಎರಡು ಅಂಡಾಶಯಗಳು. ಅವುಗಳಲ್ಲಿ ನೀರುಗುಳ್ಳೆಯಂಥ ಕೋಶಗಳು ಬೆಳೆಯುತ್ತವೆ. ಸುಮಾರು 21 ದಿನಕ್ಕೊಮ್ಮೆ ಒಂದು ಗುಳ್ಳೆ ಬಲಿತು, ನೆನೆದ ಕಡಲೆಕಾಳಿನಷ್ಟೋ ಇನ್ನೂ ತುಸು ದಪ್ಪವೋ ಆಗಿ ಒಡೆಯುತ್ತದೆ. ಒಳಗಿನ ಅಂಡ ಹೊರಬರುತ್ತದೆ. ಅಲ್ಲಿಯವರೆಗೆ ಅಂಡಕ್ಕೆ ಆಸರೆ ಆ ಗುಳ್ಳೆಯ ನೀರೇ. ಅದು ಒಂದು ಚಮಚೆಯೂ ತುಂಬದು.

ಆದರೆ ಬರಿಯ ನೀರಲ್ಲ. ಹೆಚ್ಚು ಪಾಲು ಎಮ್ಮೆಯ ರಕ್ತದಿಂದ ಸೋಸಿ ಬಂದದ್ದು, ಉಳಿದದ್ದು ಗುಳ್ಳೆಯ ಒಳಗೋಡೆ ಸುರಿಸಿದ್ದು. ಇದರಲ್ಲಿ ಗ್ಲೂಕೋಸ್ ಸಕ್ಕರೆ, ಸಸಾರಜನಕ, ಕೊಬ್ಬಿನ ಅಂಶ, ಸುಣ್ಣ, ರಂಜಕ, ಉಪ್ಪಿನ ಅಂಶಗಳು ಉಂಟು. ಈಸ್ಟ್ರೋಜನ್ ಎಂಬ ಚೋದಕ ರಸವೂ ಉಂಟು. ಗುಳ್ಳೆ ಬಲಿತಂತೆ ಈ ರಸ ಹೆಚ್ಚಿ ರಕ್ತಕ್ಕೆ ಸೇರುತ್ತದೆ. ಎಮ್ಮೆ ಅರಚುವುದು, ಪದೇ ಪದೇ ಗಂಜಲ ಹಾಕುವುದು, ಲೋಳೆ ಸುರಿಸುವುದು, ಎಲ್ಲ ಇದರಿಂದಲೇ.

ಕೆರೆ ತುಂಬಿದ್ದರೆ ಕೆಳಗಿನ ಬಾವಿಯಲ್ಲಿ ಒರತೆ ಇರುತ್ತದಲ್ಲವೇ? ರಕ್ತವೇ ಕೆರೆ, ಗುಳ್ಳೆಯೇ ಬಾವಿ. ಈದ ಮೇಲೆ ಹಾಲಿಗೆಂದು ರಕ್ತದ ಸಕ್ಕರೆ ಎಳೆದುಹೋಗುತ್ತದೆ. ಬರಿಯ ಒಣಹುಲ್ಲು ಹಾಕಿದಿರೋ, ಎಮ್ಮೆ ತನ್ನ ಮೈಕೊಬ್ಬನ್ನೇ ಕರಗಿಸಿ ಹಾಲು ಕೊಡುತ್ತದೆ. ಆಗ ಗುಳ್ಳೆಯ ನೀರಿನಲ್ಲೂ ಸಕ್ಕರೆ ಇಳಿದು, ಕರಗಿದ ಕೊಬ್ಬಿನ ಆಮ್ಲ ಏರುತ್ತದೆ. ಅಂಡ ಸೊರಗುತ್ತದೆ, ಬೆದೆ ಮಂಕಾಗುತ್ತದೆ.

ಇನ್ನೊಂದು ಮಾತು. ಇವತ್ತು ಒಡೆಯುವ ಗುಳ್ಳೆ ಬೆಳೆಯಲು ತೊಡಗಿದ್ದು ಎಷ್ಟೋ ವಾರಗಳ ಹಿಂದೆ. ಬೆದೆಯ ದಿನ ಬುಟ್ಟಿ ತುಂಬ ಹಿಂಡಿ ಇಟ್ಟರೆ ಏನೂ ಆಗದು. ಈಯುವುದಕ್ಕೆ ಎರಡು ತಿಂಗಳು ಮುಂಚೆ ಹಾಲು ಬತ್ತಿಸಿ, ಆಗಿನಿಂದಲೇ ಮೈ ತುಂಬಿಸಿ. ಈದ ಮೇಲೆ ಹಸಿಮೇವು, ಹಿಂಡಿ, ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ತಪ್ಪಬಾರದು. ಖನಿಜದ ಖರ್ಚು ದಂಡವೆನ್ನುವವರು ಒಂದು ಸೂಲು ತಡವಾದರೆ ಹೋಗುವ ಹಾಲಿನ ಲೆಕ್ಕ ಹಾಕಿ ನೋಡಲಿ.

ಬೇಸಿಗೆಯಲ್ಲಿ ಕಷ್ಟ ಹೆಚ್ಚು. ಎಮ್ಮೆಯದು ಕಪ್ಪು ಚರ್ಮ, ಬೆವರುವುದೂ ಹಸುವಿಗಿಂತ ಕಡಿಮೆ. ನೆರಳಿರಲಿ, ಕೆರೆಗೆ ಬಿಡಿ, ಇಲ್ಲವೇ ದಿನಕ್ಕೆರಡು ಸಲ ಮೈಗೆ ನೀರು ಹೊಯ್ಯಿರಿ. ಬಿಸಿಲುಗಾಲದ ಬೆದೆ ಮೂಕಬೆದೆ. ಕೂಗು ಕೇಳದು, ರಾತ್ರಿಯೇ ಬಂದು ಹೋಗಬಹುದು. ಮಲಗುವ ಮುಂಚೆ, ನಸುಕಿನಲ್ಲಿ ಎದ್ದೊಡನೆ, ಕೊಟ್ಟಿಗೆಗೆ ಹೋಗಿ ಬಾಲದ ಬುಡದಲ್ಲಿ ಲೋಳೆ ಇದೆಯೇ ನೋಡಿ. ಈ ಕೆಲಸದಲ್ಲಿ ಹೆಂಗಸರ ಕಣ್ಣೇ ಚುರುಕು. ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೋಣ ಬಿಡಿಸಿ ಅಥವಾ ಕೃತಕ ಗರ್ಭಧಾರಣೆ ಮಾಡಿಸಿ.

ಇಷ್ಟಾದರೂ ಬೆದೆ ಕಾಣದಿದ್ದರೆ ಪಶುವೈದ್ಯರಿಂದ ಕೈ ಹಾಕಿಸಿ ಪರೀಕ್ಷೆ ಮಾಡಿಸಿ. ಗುಳ್ಳೆ ಬೆಳೆಯುತ್ತಿದೆಯೇ ಎಂಬುದು ಅವರ ಬೆರಳಿಗೆ ತಿಳಿಯುತ್ತದೆ. ಬರಡೆಂದು ಸಂತೆಗೆ ಹೊರಡಿಸಿದ ಎಮ್ಮೆ ಆಗಲೇ ಗಬ್ಬವಾಗಿರುವುದೂ ಉಂಟು!