ಮಳೆಮಾಪಕದ ಕಾಂತ ಸ್ವಿಚ್ಚು ಮತ್ತು ಅದರ ಕೇಬಲ್: ಕೆಲವು ಎಚ್ಚರಿಕೆಗಳು

ಸ್ವಯಂಚಾಲಿತ ಮಳೆಮಾಪಕವನ್ನು ತೋಟದಲ್ಲಿ ನಿಲ್ಲಿಸಿರುವ ಸದಸ್ಯರು ಈಗ ಹಲವರಿದ್ದಾರೆ. ಅದು ಲೆಕ್ಕ ತಪ್ಪುತ್ತದೆಂಬ ದೂರು ಸಂಘದ ಕಚೇರಿಗೆ ಆಗಾಗ ಬರುತ್ತಿದೆ. ನಾವು ಕಂಡಮಟ್ಟಿಗೆ ದೋಷ ಹೆಚ್ಚಾಗಿ ಯಂತ್ರದ್ದಲ್ಲ, ಅದನ್ನು ಹಿಡಿದ ಕೈಯದು. ನಮ್ಮ ಕೈಯೂ ಇದಕ್ಕೆ ಹೊರತಲ್ಲ.

ಈ ಯಂತ್ರದ ಆಲಿಕೆಯ ಕೆಳಗೆ ಅತ್ತಿತ್ತ ಮಗುಚುವ ಜೋಡಿ ಬಟ್ಟಲುಗಳಿವೆ. ಸಾಮಾನ್ಯವಾಗಿ 0.2 ಮಿಲಿಮೀಟರ್ ಮಳೆಗೆ ಒಂದು ಮಗುಚು. ಇಂಚು ಮಳೆಗೆ 127 ಆಯಿತು. ಪ್ರತಿ ಸಲವೂ ಬಟ್ಟಲಿನ ಅಯಸ್ಕಾಂತವು ‘ರೀಡ್ ಸ್ವಿಚ್’ ಎದುರು ಹಾದುಹೋಗುತ್ತದೆ. ಈ ಸ್ವಿಚ್ಚೆಂದರೆ ಒಂದು ಪುಟ್ಟ ಗಾಜಿನ ನಳಿಗೆ. ಒಳಗೆ ಕಬ್ಬಿಣ-ನಿಕ್ಕಲ್ ಬೆರಕೆಯ ಎರಡು ನಾಲಿಗೆಗಳು, ನಡುವೆ ಕೂದಲೆಳೆಯಷ್ಟು ಸಂದು. ಅಯಸ್ಕಾಂತ ಹತ್ತಿರ ಬಂದರೆ ಕೂಡುತ್ತವೆ, ಸರಿದರೆ ಬಿಡುತ್ತವೆ. 1936ರಲ್ಲಿ ಅಮೆರಿಕದ ಬೆಲ್ ಟೆಲಿಫೋನ್ ಪ್ರಯೋಗಾಲಯದ ವಾಲ್ಟರ್ ಎಲ್‌ವುಡ್ ರೂಪಿಸಿದ ಸಾಧನವಿದು. ಗಾಜಿನಿಂದ ಹೊರಬಂದ ಲೋಹದ ಕಾಲುಗಳಿಗೆ ಕೇಬಲನ್ನು ಬೆಸೆದಿರುವುದರಿಂದ, ಕೇಬಲ್ ಜಗ್ಗಿದರೆ ಜಗ್ಗಿದ್ದು ಗಾಜನ್ನೇ.

ಇದು ನಮಗೆ ತಿಳಿದದ್ದು ಒಂದು ಹೂಮಳೆಯ ಮರುದಿನ. ಕೆಳಗಿನ ರೊಬಸ್ಟಾ ತೋಟದ ಮಾಪಕ 30 ಸೆಂಟು ತೋರಿಸಿತು. ಅಷ್ಟು ಮಳೆಗೆ ಹೂ ಅರ್ಧಂಬರ್ಧವಾದೀತೆಂದು ಹೆದರಿ ಸ್ಪ್ರಿಂಕ್ಲರ್ ಹೂಡಿದೆವು. ಎರಡು ದಿನದ ಡೀಸೆಲ್ಲು, ಆಳುಗಳ ಕೂಲಿ, ಕೆರೆಯ ನೀರು ಎಲ್ಲವೂ ಹೋದ ಮೇಲೆ, ಪಕ್ಕದ ತೋಟದ ಹಳೆಯ ಗಾಜಿನ ಅಳತೆಯಲ್ಲಿ ಒಂದು ಇಂಚು ಹತ್ತು ಸೆಂಟು ಇದ್ದದ್ದು ತಿಳಿಯಿತು. ಬಿಚ್ಚಿ ನೋಡಿದರೆ ಗಾಜಿನ ಬುಡದಲ್ಲಿ ಸೀಳು, ಬೆಸುಗೆ ಅರ್ಧ ಬಿಟ್ಟಿತ್ತು. ಹಿಂದಿನ ವಾರ ತೊಳೆಯಲೆಂದು ಯಂತ್ರವನ್ನು ಕೇಬಲ್ ಹಿಡಿದೇ ಎತ್ತಿದ್ದೆವು, ಬಾವಿಯ ಕೊಡದ ಹಾಗೆ!

ಆದ್ದರಿಂದ ಯಂತ್ರವನ್ನು ಯಾವಾಗಲೂ ಮೈಹಿಡಿದು ಎತ್ತಬೇಕು. ಕೇಬಲನ್ನು ಕಂಬಕ್ಕೆ ಬಿಗಿಯುವ ಮೊದಲು ಗೇಣುದ್ದ ಸಡಿಲ ಬಿಟ್ಟು, ಕೆಳಕ್ಕೆ ಬಳುಕಿಸಿ ಒಳಗೆ ಬಿಡಬೇಕು; ಹೀಗೆ ಮಾಡಿದರೆ ಎಳೆತ ಸ್ವಿಚ್ಚಿಗೆ ತಗಲುವುದಿಲ್ಲ, ನೀರೂ ಕೇಬಲ್ ಗುಂಟ ಒಳಗಿಳಿಯದು. ಮುಂದಿನ ಉದ್ದಕ್ಕೆ ಪೈಪು ಹಾಕಿ ಹೂಳುವುದು ಲೇಸು. ಇಲಿಗಿಂತ ಕಳೆ ಕತ್ತಿಯೇ ನಮ್ಮಲ್ಲಿ ಹೆಚ್ಚು ಕೇಬಲ್ ತಿಂದಿದೆ. ಪಂಪಿನ ಲೈನಿನ ಜೊತೆಗೆ ಮಾತ್ರ ಎಳೆಯಬಾರದು.

ಹೊಸ ಸ್ವಿಚ್ಚು ಕೂರಿಸುವಾಗ ಕಾಲನ್ನು ಬಗ್ಗಿಸಬೇಕಾದರೆ ಗಾಜಿನ ಪಕ್ಕದಲ್ಲಿ ಇಕ್ಕಳದಿಂದ ಹಿಡಿದು, ಅದರಾಚೆ ಬಗ್ಗಿಸಿ. ಸ್ಕ್ರೂ ಬಿಗಿಯುವುದು ಅಲುಗದಷ್ಟು ಸಾಕು. ಅಯಸ್ಕಾಂತದ ಹತ್ತಿರ ಕಬ್ಬಿಣದ ಪಟ್ಟಿ ಸೇರಿಸಿದರೆ ಕಾಂತಬಲ ಅತ್ತ ಹಂಚಿಹೋಗುತ್ತದೆ. ಹಿತ್ತಾಳೆ ಅಥವಾ ಪ್ಲಾಸ್ಟಿಕ್ಕಿಗೆ ಅಡ್ಡಿಯಿಲ್ಲ. ನೆಲಕ್ಕೆ ಬಿದ್ದ ಸ್ವಿಚ್ಚು ನೋಡಲು ಚೆನ್ನಾಗಿದ್ದರೂ ನಂಬತಕ್ಕದ್ದಲ್ಲ. ಬಲ್ಬು ಹಚ್ಚಿ ಪರೀಕ್ಷಿಸುವ ಅಭ್ಯಾಸ ಕೆಲವು ವೈರ್‌ಮನ್‌ಗಳಿಗಿದೆ. ಆ ಕರೆಂಟಿಗೆ ನಾಲಿಗೆಗಳು ಒಂದಕ್ಕೊಂದು ಅಂಟಿಬಿಡುತ್ತವೆ. ಮಲ್ಟಿಮೀಟರ್ ಬಳಸಲು ಹೇಳಿ.

ಹೂಮಳೆಗೂ, ಅಡಿಕೆಗೆ ಬೋರ್ಡೋ ಹೊಡೆಯುವ ಕಾಲಕ್ಕೂ ಮುಂಚೆ ಬಟ್ಟಲನ್ನು ಬೆರಳಿನಿಂದ ನಿಧಾನವಾಗಿ ಹತ್ತು ಸಲ ಮಗುಚಿರಿ. ಪೆಟ್ಟಿಗೆ 2 ಮಿಲಿಮೀಟರ್, ಅಂದರೆ ಸುಮಾರು 8 ಸೆಂಟು ಏರಬೇಕು. ಆ 8 ಸೆಂಟನ್ನು ಮಳೆ ಪುಸ್ತಕದಲ್ಲಿ ಕಳೆಯಲು ಮರೆಯಬೇಡಿ.