ಹಳೆಯ ಕೌದಿ, ಮೆತ್ತನೆಯ ದಾರ

ಸೇಡಂ, ಚಿತ್ತಾಪುರ, ಚಿಂಚೋಳಿಗಳ ಸೀಮೆಯಲ್ಲಿ ತೊಗರಿಯ ರಾಶಿ ಮುಗಿದು ಬಿಳಿಜೋಳವೂ ಮನೆ ಸೇರಿದ ಮೇಲೆ ಹೆಂಗಸರ ಕೈಗೆ ಸ್ವಲ್ಪ ಬಿಡುವು ದೊರೆಯುತ್ತದೆ. ಆಗ ಅನೇಕ ಮನೆಗಳ ಪಡಸಾಲೆಯಲ್ಲಿ ಹಳೆಯ ಸೀರೆ, ಧೋತರ, ಕುಪ್ಪಸಗಳ ಗಂಟು ಬಿಚ್ಚಿಕೊಳ್ಳುತ್ತದೆ. ಕೌದಿಯ ಹೊಲಿಗೆ ಮೊದಲಾಗುತ್ತದೆ. ಮಿರ್ಗದ ಮಳೆ ಬೀಳುವುದರೊಳಗೆ, ಎಂದರೆ ಜೂನ್ ತಿಂಗಳ ಮೊದಲ ವಾರದೊಳಗೆ, ಈ ಕೆಲಸ ಮುಗಿಯಬೇಕು. ಅನಂತರ ಹೊಲ ಕರೆಯುತ್ತದೆ. ಈ ಕಸುಬಿನಲ್ಲಿ ಎಷ್ಟು ಭೌತಶಾಸ್ತ್ರ ಅಡಗಿದೆ ಎಂಬುದನ್ನು, ಆ ಶಾಸ್ತ್ರವನ್ನೇ ಬೋಧಿಸುವ ನಾನು, ಒಂದು ಕೌದಿಯನ್ನು ಕೆಡಿಸಿದ ಬಳಿಕವೇ ಅರಿತೆನು.

ಅದು ನಮ್ಮ ಅಜ್ಜಿಯ ಕೌದಿ. ಅದರಲ್ಲಿ ಅವರ ಇಳಕಲ್ಲ ಸೀರೆಯ ತುಂಡುಗಳಿವೆ, ಅಜ್ಜನ ಧೋತರವಿದೆ. ಅಂಚಿನಲ್ಲಿ ಹರಿದಿದ್ದ ಅದನ್ನು ಪಟ್ಟಣದ ಒಬ್ಬ ದರ್ಜಿಗೆ ಕೊಟ್ಟು ಯಂತ್ರದಿಂದ ಹೊಲಿಸಿದೆನು. ಗಟ್ಟಿಯಾದ ಪಾಲಿಯೆಸ್ಟರ್ ದಾರ, ಒತ್ತೊತ್ತಾದ ಬಿಗಿ ಹೊಲಿಗೆ. ನೋಟಕ್ಕೆ ಬಹು ಅಂದವಾಗಿತ್ತು. ಎರಡು ತಿಂಗಳೊಳಗೆ ಅರಿವೆಯು ಆ ಹೊಲಿಗೆಯ ಗುಂಟವೇ, ಅಂಚೆಚೀಟಿಗಳ ಹಾಳೆ ಹರಿಯುವಂತೆ, ನೇರವಾಗಿ ಸೀಳಿಹೋಯಿತು. ದಾರಕ್ಕೆ ಮಾತ್ರ ಏನೂ ಆಗಿರಲಿಲ್ಲ.

ಸೇಡಂ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಕೌದಿ ಹೊಲಿಯುವುದರಲ್ಲಿ ನುರಿತ ವೃದ್ಧೆಯೊಬ್ಬರಿದ್ದಾರೆ. ಅವರಲ್ಲಿಗೆ ಅದನ್ನು ಒಯ್ದೆನು. ಮನೆಯ ಪರ್ಸಿಕಲ್ಲಿನ ನೆಲವೇ ಅವರ ಕಾರ್ಯಶಾಲೆ. ಸಮತಟ್ಟಾದ ಆ ಕಲ್ಲಿನ ಮೇಲೆ ಕೌದಿಯನ್ನು ಹರಡಿ, ಅಂಗೈಯಿಂದ ಸವರಿ, ಹರಿದೆಡೆಯನ್ನು ನೋಡಿ ಅವರು ಕೇಳಿದರು: "ಇಷ್ಟು ಗಟ್ಟಿ ದಾರ ಯಾಕ ಹಾಕಿಸಿದ್ರಿ ಮಾಸ್ತರ್ರೇ? ದಾರ ಹರಿದ್ರ ಮತ್ತ ಹಾಕ್ಲಾಕ ಬರ್ತದ. ಅರಿವಿ ಹರಿದ್ರ ಏನ್ ಮಾಡ್ತೀರಿ?"

ಈ ಒಂದು ಮಾತಿನಲ್ಲಿ ದುರಸ್ತಿಯ ಮೂಲತತ್ತ್ವವೇ ಇದೆ. ಎಳೆತ ಬಿದ್ದಾಗ ಯಾವುದು ಅತ್ಯಂತ ದುರ್ಬಲವೋ ಅದು ಮೊದಲು ಹರಿಯುತ್ತದೆ. ನೂತನ ಪಾಲಿಯೆಸ್ಟರ್ ದಾರ ಹಳೆಯ ಹತ್ತಿಯ ಅರಿವೆಗಿಂತ ಎಷ್ಟೋ ಬಲಿಷ್ಠ. ಯಂತ್ರದ ಸೂಜಿ ಒಂದೆರಡು ಮಿಲಿಮೀಟರಿಗೊಂದು ರಂಧ್ರ ಕೊರೆದಿರುತ್ತದೆ. ಎಳೆದಾಗಲೆಲ್ಲ ದಾರವು ಗರಗಸದಂತೆ ಆ ರಂಧ್ರಗಳ ಅಂಚನ್ನು ಕೊಯ್ಯುತ್ತದೆ. ದಾರವು ಅರಿವೆಗಿಂತ ಮೆತ್ತಗಿದ್ದರೆ ಪೆಟ್ಟನ್ನು ದಾರವೇ ತಿನ್ನುತ್ತದೆ. ವಿದ್ಯುತ್ ಮಂಡಲದಲ್ಲಿ ಫ್ಯೂಸ್ ತಂತಿ ತಾನು ಕರಗಿ ಉಳಿದುದನ್ನು ಕಾಯುವುದು ಇದೇ ನ್ಯಾಯದಿಂದ. ವಸ್ತುಸಂಗ್ರಹಾಲಯಗಳಲ್ಲಿ ಪುರಾತನ ವಸ್ತ್ರಗಳನ್ನು ಸಂರಕ್ಷಿಸುವವರೂ ಇದೇ ನಿಯಮವನ್ನು ಪಾಲಿಸುತ್ತಾರೆ: ಜೀರ್ಣವಸ್ತ್ರದ ಹಿಂದೆ ಆಸರೆಯ ಬಟ್ಟೆಯನ್ನಿಟ್ಟು, ಬೇಕೆಂದಾಗ ಬಿಚ್ಚಲು ಬರುವಂತೆ ನಯವಾದ ದಾರದಿಂದ ಹಗುರಾಗಿ ಹೊಲಿಯುತ್ತಾರೆ.

ಹಾಗಾದರೆ ಮೆತ್ತನೆಯ ದಾರ ಒಂದೆಡೆ ಹರಿದರೆ ಹೊಲಿಗೆಯೆಲ್ಲ ಬಿಚ್ಚಿಹೋಗದೆ? ಹೋಗದು. ಎತ್ತಿನ ಹಗ್ಗವನ್ನು ಗೂಟಕ್ಕೆ ಎರಡು ಮೂರು ಸುತ್ತು ಹಾಕಿದರೆ, ಇತ್ತ ತುದಿಯನ್ನು ಹುಡುಗನೊಬ್ಬ ಹಿಡಿದಿದ್ದರೂ ಎತ್ತು ಎಳೆದೊಯ್ಯಲಾರದು. ೧೮ನೆಯ ಶತಮಾನದ ಗಣಿತಜ್ಞ ಆಯ್ಲರನು ಇದರ ಲೆಕ್ಕವನ್ನು ತೋರಿಸಿದ್ದಾನೆ. ಘರ್ಷಣಾಂಕ ೦.೩ ಎಂದಿಟ್ಟುಕೊಂಡರೆ ಒಂದು ಅರ್ಧಸುತ್ತಿಗೆ ಎಳೆತವು ಸುಮಾರು ಎರಡೂವರೆ ಪಟ್ಟು ಕುಗ್ಗುತ್ತದೆ. ಐದು ಅರ್ಧಸುತ್ತುಗಳಿಗೆ ಸುಮಾರು ೧೧೦ ಪಟ್ಟು! ಕೌದಿಯ ದಾರ ಪದರಗಳನ್ನು ಹಾಯ್ದು ಮೇಲೆ ಕೆಳಗೆ ಬಾಗುತ್ತ ಸಾಗುವಾಗ ಪ್ರತಿಯೊಂದು ಬಾಗೂ ಹೀಗೆ ಎಳೆತವನ್ನು ನುಂಗುತ್ತದೆ. ಆದುದರಿಂದ ದಾರ ಹರಿದರೂ ಕೆಲವೇ ಹೊಲಿಗೆಗಳಾಚೆ ಅದು ಭದ್ರವಾಗಿರುತ್ತದೆ. ಬಾಗಿಲ ತೋರಣಕ್ಕೆ ಹೆಣೆಯುವ ಕ್ರೋಶಾದಲ್ಲಿ ಹಾಗಲ್ಲ. ಆಂಧ್ರದ ನರಸಾಪುರದಲ್ಲಿ ಪ್ರಸಿದ್ಧವಾಗಿರುವ ಆ ಹೆಣಿಗೆಯಲ್ಲಿ ಒಂದು ಕುಣಿಕೆಯನ್ನು ಮುಂದಿನ ಕುಣಿಕೆ ಹಿಡಿದಿರುತ್ತದೆ; ಕೊನೆಯ ಕುಣಿಕೆ ತಪ್ಪಿ ತುದಿಯನ್ನೆಳೆದರೆ ಸಾಲುಸಾಲೇ ಬಿಚ್ಚಿಕೊಳ್ಳುತ್ತದೆ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಸಿದ್ದಿ ಸ್ತ್ರೀಯರೂ ಕವಂದಿ ಎಂಬ ಹೆಸರಿನಿಂದ ಇಂಥದೇ ಹೊದಿಕೆಯನ್ನು ಹೊಲಿಯುತ್ತಾರೆ. ಅಂಚಿನಿಂದ ಆರಂಭಿಸಿ ಸುತ್ತುತ್ತ ನಡುವಿಗೆ ಬರುವುದು ಅವರ ಕ್ರಮ. ಹೆಸರೂ ಕ್ರಮವೂ ಏನೇ ಇರಲಿ, ಬೆಚ್ಚಗಿಡುವ ಗುಟ್ಟು ಒಂದೇ. ಪದರಗಳ ನಡುವೆ ಸಿಕ್ಕಿಬಿದ್ದ ನಿಶ್ಚಲವಾದ ಗಾಳಿ ಉಷ್ಣವನ್ನು ಬಲು ನಿಧಾನವಾಗಿ ಸಾಗಿಸುತ್ತದೆ. ಶಹಾಬಾದದ ಕಲ್ಲು ಅದಕ್ಕಿಂತ ೫೦ ಪಟ್ಟಿಗೂ ಹೆಚ್ಚು ವೇಗವಾಗಿ ಸಾಗಿಸಬಲ್ಲದು. ಪುಷ್ಯಮಾಸದ ಚಳಿಯಲ್ಲಿ ಬರಿಯ ಪರ್ಸಿಯ ಮೇಲೆ ಮಲಗಲಾಗದು, ಕೌದಿ ಹಾಸಿದರೆ ನಿದ್ರೆ ಬರುತ್ತದೆ. ಹೊಲಿಗೆಯನ್ನು ತೀರ ಬಿಗಿದರೆ ಗಾಳಿ ಹಿಂಡಿಹೋಗಿ ಕೌದಿ ತೆಳ್ಳಗಾಗುತ್ತದೆ. ಬಿಗಿ ಹೊಲಿಗೆ ಬೇಡವೆನ್ನಲು ಇದು ಇನ್ನೊಂದು ಕಾರಣ.

ಹೊಲಿಯುವ ಮುನ್ನ ತೊಳೆಯಬೇಕಷ್ಟೆ. ಶಹಾಬಾದದ ಪರ್ಸಿ, ವಾಡಿಯ ಸಿಮೆಂಟು, ಎರಡೂ ಸುಣ್ಣಕಲ್ಲಿನ ಮಕ್ಕಳು. ಆ ಕಲ್ಲನ್ನು ಹಾಯ್ದು ಬಂದ ಬಾವಿಯ ನೀರು ಗಡುಸು. ಅದರಲ್ಲಿರುವ ಕ್ಯಾಲ್ಸಿಯಂ ಸಾಬೂನಿನೊಡನೆ ಸೇರಿ ಕರಗದ ಕೆನೆಯಾಗುತ್ತದೆ. ಅದು ಎಳೆಗಳಿಗೆ ಅಂಟಿ ಅರಿವೆಯನ್ನು ಮಂಕಾಗಿಸಿ ಬಿರುಸಾಗಿಸುತ್ತದೆ. ಆ ವೃದ್ಧೆಯಾದರೋ ಅಂಟುವಾಳ ಕಾಯಿಯ ನೀರಿನಲ್ಲಿ ತೊಳೆಯುತ್ತಾರೆ. ಅದರ ನೊರೆ ಸಾಬೂನಿನಂತೆ ಗಡಸುನೀರಿನಲ್ಲಿ ಒಡೆಯುವುದಿಲ್ಲ. ನೆನೆದ ಕೌದಿ ತನ್ನ ತೂಕಕ್ಕಿಂತ ಹೆಚ್ಚು ನೀರನ್ನು ಹಿಡಿದಿರುತ್ತದೆ. ಹಗ್ಗದ ಮೇಲೆ ಹಾಕಿದರೆ ಅಷ್ಟೂ ಭಾರ ಒಂದೇ ಗೆರೆಯ ಮೇಲೆ ಬೀಳುವುದರಿಂದ ಕಲ್ಲಿನ ಮೇಲೆ ಹರಡಿ ಒಣಗಿಸುತ್ತಾರೆ, ಅದೂ ನೆರಳಿನಲ್ಲಿ. ಬಿಸಿಲಿನ ಅತಿನೇರಳೆ ಕಿರಣಗಳು ಬಣ್ಣವನ್ನು ಮಾತ್ರವಲ್ಲ, ಹತ್ತಿಯ ಸೆಲ್ಯುಲೋಸ್ ಸರಪಣಿಗಳನ್ನೂ ಕಡಿಯುತ್ತವೆ.

ಕಾಲನಿಯಮಕ್ಕೂ ಕಾರಣವುಂಟು. ಮಳೆಗಾಲದಲ್ಲಿ ಹೊಲಿದರೆ ತೇವವು ಪದರಗಳೊಳಗೆ ಸೆರೆಯಾಗಿ ಬೂಷ್ಟು ಹಿಡಿಯುತ್ತದೆ. ಆದರೆ ಉಷ್ಣತೆ ೪೦ ಡಿಗ್ರಿ ಮೀರುವ ಏಪ್ರಿಲ್, ಮೇ ತಿಂಗಳ ನಡುಹಗಲೂ ಒಳ್ಳೆಯದಲ್ಲ. ಹತ್ತಿಯ ನೂಲಿಗೆ ತೇವವಿದ್ದಾಗ ಬಲ ಹೆಚ್ಚು. ತೀರ ಒಣಗಿದರೆ ಪೆಡಸಾಗುತ್ತದೆ. ಆದಕಾರಣ ಅವರು ನಸುಕಿನಲ್ಲಿ ಕುಳಿತು, ಹೊತ್ತೇರುತ್ತಲೇ ಸೂಜಿಯನ್ನಿಡುತ್ತಾರೆ. ಮತ್ತೆ ಕೈಗೆತ್ತಿಕೊಳ್ಳುವುದು ಬಿಸಿಲು ಇಳಿದ ಮೇಲೆ.

ಅವರ ಚಿಂತೆ ಈಗ ಬೇರೊಂದು. ಜನರು ತಂದೊಪ್ಪಿಸುವ ಗಂಟುಗಳಲ್ಲಿ ಹತ್ತಿಯ ಸೀರೆ ಅಪರೂಪವಾಗಿದೆ. ೧೯೪೧ರಲ್ಲಿ ಬ್ರಿಟನ್ನಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ರಸಾಯನಜ್ಞರು ರೂಪಿಸಿದ ಪಾಲಿಯೆಸ್ಟರ್ ಎಳೆ ಇಂದು ಹಳ್ಳಿಹಳ್ಳಿಯ ಸೀರೆಯಾಗಿದೆ. ಅದು ಬೇಗ ಹರಿಯದು, ಬೇಗ ಒಣಗುವುದು. ಈ ಗುಣಗಳನ್ನು ಅಲ್ಲಗಳೆಯಲಾಗದು. ಆದರೆ ಸಾಧಾರಣ ಹವೆಯಲ್ಲಿ ಹತ್ತಿಯು ತನ್ನ ತೂಕದ ಶೇಕಡಾ ೮ರಷ್ಟು ತೇವವನ್ನು ಹೀರಿಕೊಂಡರೆ, ಪಾಲಿಯೆಸ್ಟರ್ ಹೀರುವುದು ಶೇಕಡಾ ೦.೪ರಷ್ಟು ಮಾತ್ರ. ಮೈಯ ಬೆವರಿಗೆ ಅದರಲ್ಲಿ ನೆಲೆಯಿಲ್ಲ. ಹೊಲಿಯುವಾಗ ಪದರಗಳು ಒಂದರ ಮೇಲೊಂದು ಜಾರುತ್ತವೆ. "ಮೈಗೆ ಹತ್ತಂಗಿಲ್ಲ, ಸೂಜಿಗೆ ನಿಂದ್ರಂಗಿಲ್ಲ" ಎಂದು ಆಕೆ ನಕ್ಕರು. ಆ ನಗೆಯಲ್ಲಿ ಗೆಲುವಿರಲಿಲ್ಲ. ಹಳೆಯ ಹತ್ತಿ ತೀರಿದರೆ ಈ ಕೈಯ ಅರಿವೂ ಅದರೊಡನೆ ತೀರುವ ಅಂಜಿಕೆಯಿದೆ.

ನಮ್ಮ ಕೌದಿಗೆ ಅವರು ಮೊದಲು ಪಾಲಿಯೆಸ್ಟರ್ ದಾರವನ್ನೆಲ್ಲ ಒಂದೊಂದಾಗಿ ಕತ್ತರಿಸಿ ತೆಗೆದರು. ಸೀಳಿದ ಭಾಗಕ್ಕೆ ನಮ್ಮ ತಾಯಿಯ ಹಳೆಯ ಹತ್ತಿಸೀರೆಯನ್ನು ಆಸರೆಯಾಗಿಟ್ಟು, ಹತ್ತಿಯ ದಾರದಿಂದ ಸಡಿಲವಾಗಿ ಹೊಲಿದರು. ಕೆಲಸಕ್ಕೆ ಹನ್ನೊಂದು ದಿನ ಹಿಡಿಯಿತು. ಒಯ್ಯಲು ಹೋದಾಗ, "ದಾರ ಹರಿದಾಗ ತರ್ರಿ" ಎಂದರು.

ಈಗ ಪ್ರತಿವರ್ಷ ಘರ್ಷಣೆಯ ಪಾಠದಂದು ಆ ಕೌದಿಯನ್ನು ತರಗತಿಗೆ ಒಯ್ಯುತ್ತೇನೆ. ಅದು ಬಂದು ಮೂರು ಚಳಿಗಾಲಗಳಾದುವು. ಎರಡು ಕಡೆ ದಾರ ಹರಿದಿದೆ; ಅರಿವೆ ಎಲ್ಲಿಯೂ ಹರಿದಿಲ್ಲ. ತೊಗರಿಯ ರಾಶಿ ಮುಗಿಯುತ್ತಲೇ ಅದನ್ನು ತೆಗೆದುಕೊಂಡು ಸೇಡಮಿನ ಕಡೆಗೆ ಹೋಗಬೇಕಾಗಿದೆ.